ಟ್ಯಾಂಪಾದ ಹಳೇ ಹುಲಿ

ಅಟ್ಲಾಂಟಿಕ್ ಸಾಗರದಲ್ಲಿ ಹುಟ್ಟುವ ಚಂಡಮಾರುತದ ಗಾಳಿ ಗಂಟೆಗೆ 119 ಕಿಲೋಮೀಟರ್ ವೇಗವನ್ನು ಮುಟ್ಟಿದರೆ ಅದಕ್ಕೆ ಹರಿಕೇನ್ ಎಂದು ಹೆಸರು. ಅಂಥದೊಂದು ಹೊರಟ ಸುದ್ದಿ ಬಂದೊಡನೆ ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯ ಸುತ್ತಲಿನ ಊರುಗಳಲ್ಲಿ ಹಳೇ ಹುಲಿಯೂ ಪ್ರತ್ಯಕ್ಷವಾಗುತ್ತಾನೆ. ನೆರೆಯವರು ಕಿಟಕಿಗಳಿಗೆ ಪ್ಲೈವುಡ್ ಬಡಿಯುತ್ತಿರುವಾಗ ಬಿಯರ್ ಡಬ್ಬಿ ಹಿಡಿದು ಬೇಲಿಗೆ ಒರಗಿ, ಮೊಳೆಯನ್ನು ಎಲ್ಲಿ ಹೊಡೆಯಬೇಕೆಂದು ಹೇಳಿಕೊಡುವುದೂ, ಹೊಡೆಯುವ ಅಗತ್ಯವೇ ಇಲ್ಲವೆಂದು ಜೊತೆಯಲ್ಲೇ ವಾದಿಸುವುದೂ ಈತನ ಋತುಮಾನದ ಉದ್ಯೋಗ.

ಈತನ ಪಾಂಡಿತ್ಯಕ್ಕೆ ಅನುಭವವೇ ಆಧಾರ. ಆದರೆ ಆ ಅನುಭವವೆಲ್ಲ ಬಾರದೆ ಹೋದ ಚಂಡಮಾರುತಗಳದು. ಕೊಲ್ಲಿಗೆ ಪ್ರಬಲ ಹರಿಕೇನ್ ಕೊನೆಯದಾಗಿ ನೇರವಾಗಿ ಬಡಿದದ್ದು 1921ರಲ್ಲಿ, ಅಂದರೆ ಈತ ಹುಟ್ಟುವ ಮೊದಲು. 2004ರ ಚಾರ್ಲಿ ಇತ್ತ ಬರುವಂತೆ ತೋರಿ ದಕ್ಷಿಣಕ್ಕೆ ಪುಂಟಾ ಗೋರ್ಡಾದತ್ತ ತಿರುಗಿತು, 2017ರ ಇರ್ಮಾ ತಲುಪುವಷ್ಟರಲ್ಲಿ ಸೊರಗಿತು, 2022ರ ಇಯನ್ ಫೋರ್ಟ್ ಮೈಯರ್ಸ್ ಸೀಮೆಯನ್ನು ಹಾಳುಗೆಡವಿತು. ಈತ ಮಾತ್ರ ಮೂರನ್ನೂ ತಾನೇ ಎದೆಯೊಡ್ಡಿ ಹಿಮ್ಮೆಟ್ಟಿಸಿದಂತೆ ಎಣಿಸುತ್ತಾನೆ. ಕಾರಣ ಕೇಳಿದವರಿಗೆ, ಟೋಕೊಬಾಗಾ ಎಂಬ ಮೂಲನಿವಾಸಿಗಳು ಕಟ್ಟಿದ ದಿಬ್ಬಗಳು ಊರನ್ನು ಕಾಯುತ್ತವೆಂಬ ಸ್ಥಳೀಯ ಐತಿಹ್ಯವನ್ನು ಹೇಳುತ್ತಾನೆ. ದಿಬ್ಬಗಳು 1921ರಲ್ಲಿಯೂ ಇದ್ದವಲ್ಲ ಎಂದವರಿಗೆ ಬಿಯರ್ ಸಿಗುವುದಿಲ್ಲ.

ಈ ಮನೋಧರ್ಮಕ್ಕೆ ವಿದ್ವತ್ತಿನ ವಂಶಾವಳಿಯೂ ಉಂಟು. ಟೆಕ್ಸಾಸಿನ ಗ್ಯಾಲ್ವೆಸ್ಟನ್ ನಗರಕ್ಕೆ ಚಂಡಮಾರುತದ ಭಯ ಶುದ್ಧ ಭ್ರಮೆಯೆಂಬ ಅರ್ಥದಲ್ಲಿ 1891ರಲ್ಲಿ ಪತ್ರಿಕೆಗೆ ಬರೆದ ಐಸಾಕ್ ಕ್ಲೈನ್ ಸ್ವತಃ ಹವಾಮಾನ ಅಧಿಕಾರಿ. 1900ರ ಸೆಪ್ಟೆಂಬರ್ 8ರಂದು ಅಲ್ಲಿ ಕನಿಷ್ಠ 6,000 ಜನ ಸತ್ತರು, ಅವರಲ್ಲಿ ಕ್ಲೈನ್ ಅವರ ಪತ್ನಿಯೂ ಒಬ್ಬರು.

ಹಳೇ ಹುಲಿ ಕೇಳುವ ಪ್ರಶ್ನೆ ಒಂದೇ: ಎಷ್ಟನೆಯ ದರ್ಜೆ? ಸಾಫರ್-ಸಿಂಪ್ಸನ್ ಮಾಪಕವೆಂಬ, ಹರಿಕೇನುಗಳನ್ನು ಒಂದರಿಂದ ಐದರವರೆಗೆ ವಿಂಗಡಿಸುವ ಪಟ್ಟಿ ಅಳೆಯುವುದು ಗಾಳಿಯನ್ನು ಮಾತ್ರ; ಗಾಳಿ ಸಮುದ್ರವನ್ನು ದಡದತ್ತ ನೂಕಿ ಊರೊಳಗೆ ಏರಿಸುವ ನೀರು, ಅಂದರೆ ಚಂಡಮಾರುತದ ಉಬ್ಬರ, ಅದರ ಲೆಕ್ಕಕ್ಕೆ ಬರುವುದಿಲ್ಲ. ಆಳವಿಲ್ಲದ ಟ್ಯಾಂಪಾ ಕೊಲ್ಲಿಯಲ್ಲಿ ಭಯಪಡಬೇಕಾದದ್ದು ಈ ನೀರಿಗೇ. 2024ರ ಸೆಪ್ಟೆಂಬರ್ 26ರಂದು ಹೆಲೀನ್ ನೂರಾರು ಕಿಲೋಮೀಟರ್ ಉತ್ತರದಲ್ಲಿ ದಡ ಸೇರಿತಾದರೂ, ದಾರಿಯಲ್ಲಿ ಕೊಲ್ಲಿಯ ತಗ್ಗು ಬಡಾವಣೆಗಳಿಗೆ ಆರೇಳು ಅಡಿ ಸಮುದ್ರವನ್ನು ನುಗ್ಗಿಸಿಹೋಯಿತು. ಎರಡು ವಾರ ಕಳೆಯುವಷ್ಟರಲ್ಲಿ ಬಂದ ಮಿಲ್ಟನ್ ದಕ್ಷಿಣದ ಸಿಯೆಸ್ಟಾ ಕೀ ದ್ವೀಪದಲ್ಲಿ ದಡ ಮುಟ್ಟಿದ್ದರಿಂದ, ಅದರ ಗಾಳಿ ಕೊಲ್ಲಿಯ ನೀರನ್ನು ತುಂಬುವ ಬದಲು ಹೊರಕ್ಕೆ ಎಳೆಯಿತು.

ನೆನೆದ ಸೋಫಾವನ್ನು ರಸ್ತೆಬದಿಗೆ ಎಳೆದುಹಾಕುತ್ತಲೇ ಹಳೇ ಹುಲಿ, ಎರಡರ ಕಣ್ಣೂ, ಎಂದರೆ ಸುಳಿಯ ನಡುವಿನ ಶಾಂತವಾದ ಭಾಗ, ಟ್ಯಾಂಪಾದ ಮೇಲೆ ಹಾಯಲಿಲ್ಲವಾದ್ದರಿಂದ 1921ರ ದಾಖಲೆ ಅಬಾಧಿತವೆಂದು ಸಾರುತ್ತಾನೆ. ಲೆಕ್ಕದ ಪ್ರಕಾರ ಅದು ತಪ್ಪೂ ಅಲ್ಲ. ಆದರೆ ಅಮೆರಿಕದಲ್ಲಿ ಮನೆಯ ಸಾಮಾನ್ಯ ವಿಮೆ ಗಾಳಿಯ ಹಾನಿಗೆ ಹಣ ಕೊಡಬಹುದೇ ಹೊರತು ಪ್ರವಾಹದ ಹಾನಿಗೆ ಕೊಡುವುದಿಲ್ಲ, ಅದಕ್ಕೆ ಬೇರೆ ವಿಮೆ ಬೇಕು, ಆ ಬೇರೆ ವಿಮೆಯನ್ನು ಅನುಭವಸ್ಥನಾದ ಈತ ಮಾಡಿಸಿರಲಿಲ್ಲ. ಹೀಗಾಗಿ ನೆರೆಯವರ ಮುಂದೆ ಊರನ್ನು ಮುಟ್ಟದೆ ಹೋದ ಗಾಳಿಯೇ, ವಿಮಾ ಕಂಪನಿಗೆ ಬರೆದ ಅರ್ಜಿಯಲ್ಲಿ ಸೋಫಾದಿಂದ ಹಿಡಿದು ಫ್ರಿಜ್ಜಿನವರೆಗೆ ಸಮಸ್ತವನ್ನೂ ಹಾಳುಮಾಡಿದೆ.