ಯಾವುದಕ್ಕೂ ಇರಲಿ ನ್ಯಾಯ: ಒಂದು ಪಿಯುಸಿ ಮೀಮಾಂಸೆ

ಶಾಸ್ತ್ರಗ್ರಂಥ ಯಾವುದೇ ಆಗಲಿ, ಮೊದಲು ಅನುಬಂಧ ಚತುಷ್ಟಯ ಹೇಳಿ ಮುಂದುವರಿಯಬೇಕೆಂಬುದು ಹಿರಿಯರ ಕಟ್ಟಳೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಹುಟ್ಟಿ, ಎರಡು ವರ್ಷ ಮನೆಮಂದಿಯ ನಿದ್ದೆ ಕೆಡಿಸಿ, ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ ಸಮಾಪ್ತಿಯಾಗುವ 'ಮುಂದೇನು ಶಾಸ್ತ್ರ'ಕ್ಕೂ ಈ ನಾಲ್ಕು ಅನುಬಂಧಗಳಿವೆ. ವಿಷಯ: ಸೀಟು. ಪ್ರಯೋಜನ: ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಯಾರಾದರೂ ಕೇಳಿದರೆ ಹೇಳುವುದಕ್ಕೊಂದು ಉತ್ತರ. ಸಂಬಂಧ: ಸೋದರಮಾವ, ಚಿಕ್ಕಪ್ಪ ಮತ್ತು ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿರುವ ದೊಡ್ಡಮ್ಮನ ಮಗ. ಅಧಿಕಾರಿ ಯಾರೆಂಬ ಬಗ್ಗೆ ಮಾತ್ರ ಪಂಡಿತರಲ್ಲಿ ಒಮ್ಮತವಿಲ್ಲ.

ಶಾಸ್ತ್ರದ ಮೂಲಸೂತ್ರ ಬಹಳ ಚಿಕ್ಕದು: 'ಯಾವುದಕ್ಕೂ ಇರಲಿ'. ಇದರ ಪ್ರಥಮ ಪ್ರಯೋಗ ಕಾಂಬಿನೇಷನ್ ಆಯ್ಕೆಯಲ್ಲಿ. ದೃಷ್ಟಾಂತಕ್ಕೆ ತಾಲ್ಲೂಕು ಕೇಂದ್ರವೊಂದರ ಹುಡುಗಿಯನ್ನು ತೆಗೆದುಕೊಳ್ಳೋಣ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜೊತೆಗೆ ಸಂಖ್ಯಾಶಾಸ್ತ್ರ ತೆಗೆದುಕೊಳ್ಳುತ್ತೇನೆ ಎನ್ನುತ್ತಾಳೆ. "ಸ್ಟ್ಯಾಟಿಸ್ಟಿಕ್ಸಾ? ಅದನ್ನ ಓದಿ ಏನಾಗ್ತೀಯೆ? ಬಯಾಲಜಿ ತಗೋ, ಯಾವುದಕ್ಕೂ ಇರಲಿ" ಎನ್ನುತ್ತಾರೆ ಅಮ್ಮ. ಹೀಗೆ ಪಿಸಿಎಂಎಸ್ ಅಳಿದು ಪಿಸಿಎಂಬಿ ಉದಯಿಸುತ್ತದೆ. ಗಣಿತ ಬಿಟ್ಟರೆ ಎಂಜಿನಿಯರಿಂಗ್ ಇಲ್ಲ, ಜೀವಶಾಸ್ತ್ರ ಬಿಟ್ಟರೆ ಡಾಕ್ಟರಿಕೆ ಇಲ್ಲ, ಎರಡನ್ನೂ ಹಿಡಿದವಳಿಗೆ ಭಾನುವಾರ ಇಲ್ಲ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರದ ಎಚ್‌ಇಪಿಎಸ್ ಬಗ್ಗೆ ಭಾಷ್ಯಕಾರರು ಚಕಾರ ಎತ್ತುವುದಿಲ್ಲ. ಎಂಜಿನಿಯರಿಂಗ್ ಮುಗಿಸಿದವರೇ ಮುಂದೆ ಅವೇ ಪುಸ್ತಕಗಳನ್ನು ಐಎಎಸ್ ಕೋಚಿಂಗಿನಲ್ಲಿ ದುಡ್ಡು ಕೊಟ್ಟು ಓದುವುದು ಬೇರೆ ಪ್ರಕರಣ.

ಇನ್ನು ಇತಿಹಾಸ. ಪ್ರಾಚೀನ ಕಾಲದಲ್ಲಿ ಸೀಟಿಗೂ ಅಪ್ಪನ ಥೈಲಿಗೂ ನೇರ ಅನ್ವಯವಿತ್ತು. ಅದನ್ನು ತಡೆಯಲೆಂದು ರಾಜ್ಯ 1984ರಲ್ಲೇ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂದರೂ ಥೈಲಿ ಕರಗಲಿಲ್ಲ. ಕರ್ನಾಟಕದ್ದೇ ಆದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಅಂಥ ವಸೂಲಿಯನ್ನು ತಪ್ಪೆಂದಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಬಂತು. ಅದರ ಬೆನ್ನಿಗೇ 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಅವತರಿಸಿತು. ಅಲ್ಲಿಂದ ಮುಂದೆ ಥೈಲಿಯ ಬಾಯಿ ಸೀಟಿನ ಕಡೆಯಿಂದ ಕೋಚಿಂಗಿನ ಕಡೆಗೆ ತಿರುಗಿತೆಂಬುದು ನವ್ಯಪಂಥದವರ ಮತ.

ಕಾಲವಿಚಾರ ಸೂಕ್ಷ್ಮವಾದದ್ದು. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಯೊಂದರ ಆಯುಷ್ಯ 80 ಸೆಕೆಂಡ್. ನೀಟ್‌ನಲ್ಲಿ 2025ರಿಂದ 180 ನಿಮಿಷಕ್ಕೆ 180 ಪ್ರಶ್ನೆ, ಆಯುಷ್ಯ 60 ಸೆಕೆಂಡ್. ಜೆಇಇ ಮೇನ್‌ನಲ್ಲಿ ಮೂರು ಗಂಟೆಗೆ 75 ಪ್ರಶ್ನೆ, ಆಯುಷ್ಯ 144 ಸೆಕೆಂಡ್. ಅಲ್ಲಿ ಫಲವನ್ನು ದಶಮಾಂಶದ ಏಳನೇ ಸ್ಥಾನದವರೆಗೆ ಅಳೆಯುತ್ತಾರೆ. ಚಿನಿವಾರರ ತಕ್ಕಡಿಯೂ ಅಷ್ಟು ನುಣುಪಾಗಿಲ್ಲ. ಕಾಮೆಡ್‌-ಕೆ ಬೇರೆ ಇದೆ. ಮೂಲಸೂತ್ರದ ಪ್ರಕಾರ ನಾಲ್ಕಕ್ಕೂ ಅರ್ಜಿ ಹಾಕತಕ್ಕದ್ದು.

ಇಲ್ಲೊಂದು ಪೂರ್ವಪಕ್ಷ: 'ಓದದೆಯೇ ಕಣ್ಣುಮುಚ್ಚಿ ಗುರುತು ಹಾಕಿದರೆ?' ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲವಾಗಿ, ಸಂಭವನೀಯತೆಯ ಲೆಕ್ಕದಲ್ಲಿ ವಿಷಯಕ್ಕೆ 15 ಅಂಕ. ನೀಟ್‌ನಲ್ಲಿ ಸರಿಗೆ ನಾಲ್ಕು ಕೊಟ್ಟು ತಪ್ಪಿಗೆ ಒಂದು ಕಳೆದರೂ ಸರಾಸರಿ 720ಕ್ಕೆ 45 ದಕ್ಕುತ್ತದೆ. ಪಿಯುಸಿ ಗಣಿತವನ್ನು ಇಷ್ಟು ಶ್ರದ್ಧೆಯಿಂದ ಅನ್ವಯಿಸುವವರು ಪರೀಕ್ಷೆಗೆ ಓದದವರೇ ಎಂಬುದು ಗಮನಾರ್ಹ. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನವೆಂದು 50 ಪ್ರಶ್ನೆಗಳನ್ನು ಪ್ರಾಧಿಕಾರ ಮೌಲ್ಯಮಾಪನದಿಂದ ಕೈಬಿಟ್ಟಾಗ, ಪರೀಕ್ಷಾ ಕೊಠಡಿಯಲ್ಲಿ ಗಾಬರಿಯಾಗಿದ್ದವರು ಪಠ್ಯವನ್ನು ಓದಿಕೊಂಡವರು. ಓದದವರಿಗೆ ಒಳಗೂ ಹೊರಗೂ ಒಂದೇ ಆಗಿತ್ತು. ಅದ್ವೈತಸಿದ್ಧಿ ಇದೇ.

ದೇಶವಿಚಾರಕ್ಕೆ ಬಂದರೆ, ದ್ವಿತೀಯ ಪಿಯು ಫಲಿತಾಂಶದಲ್ಲಿ 2024ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಇಷ್ಟು ರೋಚಕ ಪೈಪೋಟಿಯನ್ನು ಕಂಡ ರಾಯಚೂರು, ಕಲಬುರಗಿ ಕಡೆಯ ತಂದೆತಾಯಿ ಟ್ರಂಕು, ಹಾಸಿಗೆ, ಶೇಂಗಾ ಚಟ್ನಿಯ ಡಬ್ಬಿ ಸಮೇತ ಮಕ್ಕಳನ್ನು ಮಂಗಳೂರು, ಮೂಡುಬಿದಿರೆಯ ಹಾಸ್ಟೆಲುಗಳಿಗೆ ಬಿಟ್ಟು ಬರುತ್ತಾರೆ. ಎರಡು ವರ್ಷದ ಮೇಲೆ ಅದೇ ಮಗು ಬಿಎಸ್ಸಿ ಕೃಷಿಗೆ ಕೃಷಿಕರ ಕೋಟಾ ಕೇಳಿದರೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು: ಬೀಜ, ಗೊಬ್ಬರ, ಸಲಕರಣೆಗಳನ್ನು ನೋಡಿ ಗುರುತಿಸಬೇಕು. ಆಗ ಅಪ್ಪ ಹೊಲದಿಂದ ಅಲಸಂದೆ, ಹೆಸರು, ಕುಸುಬೆ, ಗುರೆಳ್ಳುಗಳನ್ನು ಕಾಗದದ ಪೊಟ್ಟಣ ಕಟ್ಟಿ ತಂದು, ಅಡುಗೆಮನೆಯ ನೆಲದಲ್ಲಿ ಹರವಿ ಮಗನಿಗೆ ಕೋಚಿಂಗ್ ಕೊಡುತ್ತಾನೆ. ಈ ಕೋಚಿಂಗಿಗೆ ಫೀಜಿಲ್ಲ, ಬ್ರೋಷರಿಲ್ಲ.

ಪ್ರಮಾಣವಿಚಾರ. ನೈಯಾಯಿಕರು ಒಪ್ಪಿದ ಪ್ರಮಾಣ ನಾಲ್ಕು, ಭಾಟ್ಟ ಮೀಮಾಂಸಕರದು ಆರು. ಪ್ರಾಧಿಕಾರ ಇವರಿಬ್ಬರನ್ನೂ ಹಿಂದೆ ಹಾಕಿದೆ: ಜಾತಿ, ಆದಾಯ, ವ್ಯಾಸಂಗ, ಗ್ರಾಮೀಣ, ಕನ್ನಡ ಮಾಧ್ಯಮ, ಕಲ್ಯಾಣ ಕರ್ನಾಟಕದವರಿಗೆ 371-ಜೆ, ಇತ್ಯಾದಿ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದಕ್ಕೆ, ಕನ್ನಡದಲ್ಲಿ ಓದಿದ್ದಕ್ಕೆ ಬೇರೆ ಬೇರೆ ಕಾಗದ. ಹೊರನಾಡು, ಗಡಿನಾಡಿನ ಕನ್ನಡಿಗರಿಗೆ 50 ಅಂಕಗಳ ಕನ್ನಡ ಭಾಷಾ ಪರೀಕ್ಷೆ. ಪ್ರತ್ಯಕ್ಷಪ್ರಮಾಣಕ್ಕೆ ಇಲ್ಲಿ ಬೆಲೆಯಿಲ್ಲ. ಹುಡುಗ ಎದುರಿಗೇ ನಿಂತಿದ್ದರೂ ನಾಡಕಚೇರಿಯ ಆರ್‌ಡಿ ನಂಬರ್ ಹೊಂದದಿದ್ದರೆ ಅವನ ಜಾತಿಯೂ ಇಲ್ಲ, ಅವನಪ್ಪನ ಆದಾಯವೂ ಇಲ್ಲ. ಎರಡು ವರ್ಷದ ಸಿದ್ಧತೆಯಲ್ಲಿ ಥರ್ಮೊಡೈನಮಿಕ್ಸ್‌ಗಿಂತ ಇನಿಶಿಯಲ್ ವ್ಯತ್ಯಾಸವೇ ಹೆಚ್ಚು ಜನರನ್ನು ಕಾಡಿದ್ದರೆ ಆಶ್ಚರ್ಯವಿಲ್ಲ.

ರ‍್ಯಾಂಕ್ ಬಂತೆನ್ನಿ. ಎಂಜಿನಿಯರಿಂಗ್‌ಗಾದರೆ ಅರ್ಧ ಪಿಯು ಅಂಕ, ಅರ್ಧ ಸಿಇಟಿ ಅಂಕ. ಸೀಟು ಹಂಚಿಕೆಯಾದ ಮೇಲೆ ಅಭ್ಯರ್ಥಿಯ ಮುಂದೆ ನಾಲ್ಕು ಚಾಯ್ಸ್ ನಿಲ್ಲುತ್ತವೆ. ಇವು ಚತುರಾಶ್ರಮಗಳೇ ಎಂದು ಈ ಪ್ರಬಂಧ ಸಾಧಿಸುತ್ತದೆ. ಸಿಕ್ಕಿದ್ದನ್ನು ಒಪ್ಪಿ ಕಾಲೇಜು ಸೇರುವ ಚಾಯ್ಸ್ ಒಂದು ಗಾರ್ಹಸ್ಥ್ಯ. ಸೀಟು ಇಟ್ಟುಕೊಂಡೇ ಮೇಲಿನದಕ್ಕೆ ಕತ್ತು ಚಾಚುವ ಚಾಯ್ಸ್ ಎರಡು ವಾನಪ್ರಸ್ಥ: ಮನೆಯೂ ಉಂಟು, ಕಾಡಿನ ಕಡೆ ಕಣ್ಣೂ ಉಂಟು. ಇದ್ದದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಕಾಯುವ ಮೂರನೆಯದು ಬ್ರಹ್ಮಚರ್ಯ. ಏನೂ ಬೇಡವೆಂದು ಎದ್ದು ಹೋಗುವ ನಾಲ್ಕನೆಯದು ಸಂನ್ಯಾಸ. ಆಶ್ರಮಗಳನ್ನು ದಾಟಲು ಮನುಷ್ಯನಿಗೆ ಒಂದು ಜನ್ಮ ಬೇಕು. ಇಲ್ಲಿ ಪೋರ್ಟಲ್ ಮುಚ್ಚುವುದರೊಳಗೆ ಮುಗಿಯಬೇಕು.

ಈಗ ಅಧಿಕಾರಿ. ಹಾಲ್‌ಟಿಕೆಟ್‌ನಲ್ಲಿ ಹೆಸರಿರುವವಳೇ ಅಧಿಕಾರಿಯೆಂಬುದು ಸಾಮಾನ್ಯರ ವಾದ. ಅದು ನಿಲ್ಲುವುದಿಲ್ಲ. ಆಪ್ಷನ್ ಎಂಟ್ರಿಯ ದಿನ ಸೈಬರ್ ಸೆಂಟರಿನಲ್ಲಿ ನಮ್ಮ ದೃಷ್ಟಾಂತದ ಹುಡುಗಿಯ ಅಪ್ಪ ಉದ್ದ ನೋಟ್‌ಬುಕ್ಕಿನ ಹಾಳೆ ಬಿಚ್ಚಿದರು. ಎರಡೂ ಮಗ್ಗುಲಲ್ಲಿ ಕೆಂಪಿಂಕಿನ ಕಾಲೇಜು ಕೋಡ್‌ಗಳು. ಮೇಲಿಂದ ಮುಕ್ಕಾಲು ಪುಟ ಕಂಪ್ಯೂಟರ್ ಸೈನ್ಸ್, ತಳದಲ್ಲಿ ಇಕ್ಕಟ್ಟಾಗಿ ಸಿವಿಲ್. ಆಪ್ಷನ್‌ಗೆ ಮಿತಿಯಿಲ್ಲ ಎಂದು ಗೊತ್ತಾದ ಮೇಲೆ ಇನ್ನೂ ಎಂಟು ಸೇರಿದವು. ಓಟಿಪಿ ಬಂದದ್ದು ಅಪ್ಪನ ಮೊಬೈಲಿಗೆ. ಅಧಿಕಾರನಿರ್ಣಯಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಸಿಗಲಾರದು.

ಆದರೆ ಒಂದು ಅಪವಾದ ದಾಖಲಾಗಿದೆ. ಸೋದರಮಾವನ ಫೋನ್ ಬಂತೆಂದು ಅಪ್ಪ ಹೊರಗೆ ಹೋದಾಗ ಹುಡುಗಿ ಕೀಬೋರ್ಡಿನ ಮುಂದಿದ್ದವನಿಗೆ ಹೇಳಿದಳು: "ಅಣ್ಣಾ, ಡಿಗ್ರಿ ಸೇರೋರು ಯುಯುಸಿಎಂಎಸ್‌ನಲ್ಲಿ ಹಾಕ್ತಾರಲ್ಲ, ಅಲ್ಲಿ ಬಿಎಸ್ಸಿ ಸ್ಟ್ಯಾಟಿಸ್ಟಿಕ್ಸ್‌ಗೂ ಒಂದು ಅರ್ಜಿ ಹಾಕ್ಬಿಡಿ. ಯಾವುದಕ್ಕೂ ಇರಲಿ." ನಂಬರ್ ಕೇಳಿದಾಗ ತನ್ನದನ್ನೇ ಕೊಟ್ಟಳು. ಸೂತ್ರವನ್ನು ಅಭ್ಯರ್ಥಿಯೇ ಪ್ರಯೋಗಿಸಬಹುದೇ ಎಂಬ ಬಗ್ಗೆ ಪೂರ್ವಾಚಾರ್ಯರು ಏನೂ ಹೇಳಿಲ್ಲ. ಸೋದರಮಾವನಿಗೆ ವಿಷಯ ಇನ್ನೂ ತಿಳಿದಿಲ್ಲವಾದ್ದರಿಂದ ಅವರ ಭಾಷ್ಯ ಲಭ್ಯವಿಲ್ಲ.