ಸಹಾಯಧನವೆಂಬ ಇಂಧನ

ಹರಿಹರದಲ್ಲಿ ಮುಚ್ಚಿಹೋದ ಮೈಸೂರು ಕಿರ್ಲೋಸ್ಕರ್ ಯಂತ್ರೋಪಕರಣ ಕಾರ್ಖಾನೆಯ ನಿವೃತ್ತ ನೌಕರರೊಬ್ಬರಿಗೂ ದಾವಣಗೆರೆಯ ಸ್ಕೂಟರ್ ಮಾರಾಟಗಾರನಿಗೂ ನಡೆದ ಈ ಸಂವಾದವು, ವಿದ್ಯುತ್ ವಾಹನಗಳು ಬ್ಯಾಟರಿಗಿಂತ ಸರ್ಕಾರಿ ಆದೇಶದ ಬಲದಿಂದಲೇ ಹೆಚ್ಚು ಚಲಿಸುತ್ತವೆಂಬ ಸಿದ್ಧಾಂತವನ್ನು ನಿರ್ವಿವಾದವಾಗಿ ಸ್ಥಾಪಿಸುತ್ತದೆ.

ಮಾರಾಟಗಾರ: ಯಜಮಾನರೇ, ವಿದ್ಯುತ್ ವಾಹನ ನೀತಿಯನ್ನು ದೇಶದಲ್ಲೇ ಮೊದಲು, 2017ರಲ್ಲಿ, ತಂದದ್ದು ನಮ್ಮ ಕರ್ನಾಟಕ.

ಯಜಮಾನರು: ನೀತಿ ಬಂತು ತಮ್ಮಾ, ಬೆಲೆ ಏಕೆ ಏರಿತು?

ಮಾರಾಟಗಾರ: ಫೇಮ್, ಅಂದರೆ ಇಂತಹ ವಾಹನಗಳಿಗೆ ಕೇಂದ್ರವು ಸಹಾಯಧನ ಕೊಡುತ್ತಿದ್ದ ಯೋಜನೆಯು, ಕಾರ್ಖಾನೆ ಬೆಲೆಯ ಶೇ. 40ರಷ್ಟಿದ್ದ ತನ್ನ ಮಿತಿಯನ್ನು 2023ರ ಜೂನ್‌ನಲ್ಲಿ ಶೇ. 15ಕ್ಕೆ ಇಳಿಸಿತು.

ಯಜಮಾನರು: ಅಮೆರಿಕದವರಾದರೂ ಸುಖಿಗಳೇ?

ಮಾರಾಟಗಾರ: ಅಲ್ಲಿ ಹೊಸ ಕಾರಿಗೆ 7,500 ಡಾಲರ್‌ವರೆಗೆ ದೊರೆಯುತ್ತಿದ್ದ ತೆರಿಗೆ ರಿಯಾಯಿತಿಯು 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು.

ಯಜಮಾನರು: ಹಾಗಾದರೆ ಪರಿಸರಪ್ರೇಮಕ್ಕೂ ಕೊನೆಯ ದಿನಾಂಕವಿದೆ ಎಂದಾಯಿತು, ಮುಂದಿನ ಚುನಾವಣೆ ಘೋಷಣೆಯಾಗಲಿ, ಬೆಲೆಯನ್ನು ಆಗ ವಿಚಾರಿಸೋಣ.