ಮೂರು ತುಂಡಿನ ಹೆಸರು: ಬಳಕೆದಾರರ ಕೈಪಿಡಿ

ಈ ಕೈಪಿಡಿ ಕಲಬುರಗಿ ಜಿಲ್ಲೆಯ ತಾಜಸುಲ್ತಾನಪುರ ಮತ್ತು ಸುತ್ತಮುತ್ತ ಚಾಲ್ತಿಯಲ್ಲಿರುವ ಹೆಸರುಗಳಿಗೆ ಮಾತ್ರ. ಮೈಸೂರು ಕಡೆಯ ಇನಿಷಿಯಲ್ ಮಾದರಿಗೆ ಬಳಸಿ ಕೆಟ್ಟರೆ ಹೊಣೆ ನಮ್ಮದಲ್ಲ. ಅಲ್ಲಿ ಊರೂ ತಂದೆಯೂ ಮುಂದೆ ನಡೆಯುತ್ತಾರೆ, ಮಗ ಹಿಂದೆ ಬರುತ್ತಾನೆ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜ್ ಎಂಬಂತೆ. ನಮ್ಮಲ್ಲಿ ಮಗ ಮುಂದೆ, ತಂದೆ ನಡುವೆ, ಮನೆತನ ಕೊನೆಗೆ. ಊರಿನ ಮೀಸಲು ಪೊಲೀಸರ (ಕೆ.ಎಸ್.ಆರ್.ಪಿ.) ವಸತಿಗೃಹಗಳಿಗೆ ರಾಜ್ಯದ ಎಲ್ಲ ಕಡೆಯಿಂದ ಬಂದ ಕುಟುಂಬಗಳಿರುವುದರಿಂದ ಎರಡೂ ಮಾದರಿಗಳು ಒಂದೇ ಹಾಜರಿ ಪುಸ್ತಕದಲ್ಲಿ ಸಿಕ್ಕಾವು. ಗಾಬರಿ ಬೇಡ.

ಪೆಟ್ಟಿಗೆಯಲ್ಲಿ ಏನೇನಿದೆ

ಒಂದು ಸ್ವಂತ ಹೆಸರು, ಒಂದು ತಂದೆಯ ಹೆಸರು, ಒಂದು ಅಡ್ಡಹೆಸರು. ಪಾಟೀಲ, ಬಿರಾದಾರ, ಹಿರೇಮಠ, ಬಡಿಗೇರ, ತಳವಾರ ಮುಂತಾದ ಅಡ್ಡಹೆಸರಿಗೆ ವಯಸ್ಸಿಲ್ಲ. ಮುತ್ಯಾನದೂ ಅದೇ, ಮೊಮ್ಮಗನದೂ ಅದೇ. ಜಾತಿ ತಿಳಿಯಬೇಕೆನ್ನುವವರಿಗೆ ಅದು ಉಪಯೋಗಕ್ಕೆ ಬರುತ್ತದೆ, ತಲೆಮಾರು ತಿಳಿಯಬೇಕೆನ್ನುವವರಿಗೆ ಬರುವುದಿಲ್ಲ. ಹಾಗಾಗಿ ಅದನ್ನು ಪೆಟ್ಟಿಗೆಯಲ್ಲೇ ಬಿಡಿ. ತಾಜಸುಲ್ತಾನಪುರ ಎಂಬ ಅಡ್ಡಹೆಸರನ್ನು ತಾಜಸುಲ್ತಾನಪುರದಲ್ಲಿ ಹುಡುಕಲೂ ಹೋಗಬೇಡಿ. ಊರ ಹೆಸರು ಅಂಟುವುದು ಊರು ಬಿಟ್ಟವನಿಗೆ.

ಮೊದಲ ಎರಡು ತುಂಡುಗಳನ್ನು ಜೋಡಿಸಲು ಕಚೇರಿಯವರು ಒಂದು ಕೊಂಡಿ ಕೊಟ್ಟಿದ್ದಾರೆ: 'ಶರಣಪ್ಪ ತಂದೆ ಮಲ್ಲಪ್ಪ'. ಪಹಣಿಯಿಂದ ಠಾಣೆಯ ದೂರಿನವರೆಗೆ ಎಲ್ಲ ಕಡೆ ಇದೇ. ಹಳೇ ಮೈಸೂರಿನ ಪಹಣಿಯಲ್ಲಿ ಈ ಜಾಗದಲ್ಲಿ ಅರಬ್ಬಿಯ 'ಬಿನ್' ಕೂತಿರುತ್ತದೆ. ನಿಜಾಮನ ಉರ್ದು ಆಡಳಿತ ಕಂಡ ನಮಗೆ ಅಚ್ಚಗನ್ನಡದ ತಂದೆಯೇ ಸಿಕ್ಕಿದ್ದಾನೆ.

ಹೆಣ್ಣುಮಕ್ಕಳ ಹೆಸರಿನಲ್ಲಿ ನಡುವಿನ ತುಂಡು ಕಳಚಿ ಹಾಕುವ ಬಿಡಿಭಾಗ. ಮದುವೆಯವರೆಗೆ 'ತಂದೆ', ಆಮೇಲೆ 'ಗಂಡ'. 'ಶಾಂತಾಬಾಯಿ ಗಂಡ ಬಾಬುರಾವ' ಎಂದಿದ್ದರೆ ಎರಡೂ ಹೆಸರು ಒಂದೇ ತಲೆಮಾರಿನವು. ಆಕೆಯ ಅಪ್ಪನ ಕಾಲ ಯಾವುದೆಂದು ಅದರಿಂದ ತಿಳಿಯುವುದಿಲ್ಲ, ತವರಿಗೆ ಹೋಗಿ ಕೇಳಬೇಕು. ಈ ಕೈಪಿಡಿಯ ಮುಂದಿನ ವಿಧಾನವೆಲ್ಲ ಅರ್ಧ ಜನಸಂಖ್ಯೆಗೆ ಮದುವೆಯ ಮರುದಿನವೇ ಕೆಲಸಕ್ಕೆ ಬಾರದಂತಾಗುತ್ತದೆ. ಇದನ್ನು ತಯಾರಿಕಾ ದೋಷ ಎಂದೇ ಹೇಳಬೇಕು.

ಓದುವ ವಿಧಾನ

ಯಾವಾಗಲೂ ನಡುವಿನಿಂದ ಓದಿ. ಮೊದಲ ಹೆಸರು ವಯಸ್ಸಿನ ಬಗ್ಗೆ ಸುಳ್ಳು ಹೇಳಬಲ್ಲದು. 'ಮಲ್ಲಪ್ಪ' ಎಂಬುವನಿಗೆ ಎಂಬತ್ತಿರಬಹುದು, ಎಂಟೂ ಇರಬಹುದು. ಮುತ್ಯಾನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ಇನ್ನೂ ಪೂರ್ತಿ ನಿಂತಿಲ್ಲ. ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನದಲ್ಲೇ ನೋಡಿ: ದೊಡ್ಡಪ್ಪ ಅಪ್ಪ, ಅವರ ಮಗ ಶರಣಬಸವಪ್ಪ ಅಪ್ಪ, ಅವರ ಮಗ ಮತ್ತೆ ದೊಡ್ಡಪ್ಪ ಅಪ್ಪ. ಇದೇ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟರಿಗೂ ಹಳೆ ಹೆಸರೇ ಬೇಕಿತ್ತು, ಮೂವರು ಕೃಷ್ಣರು ಆಗಿಹೋದರು. 'ಮಲ್ಲಪ್ಪ ತಂದೆ ಶರಣಪ್ಪ' ಎಂದಿದ್ದರೆ ಮೊದಲು ಕುರ್ಚಿ ಕೊಡಿ. 'ಮಲ್ಲಪ್ಪ ತಂದೆ ಸಂತೋಷಕುಮಾರ' ಎಂದಿದ್ದರೆ ಚಾಕಲೇಟು ಕೊಡಿ.

ಇನ್ನು ತಲೆಮಾರಿನ ಪದರಗಳು. ಎಲ್ಲಕ್ಕಿಂತ ಕೆಳಗಿನದು ಅಪ್ಪ-ಅಣ್ಣ-ಅಮ್ಮ ಪದರ: ಶರಣಬಸಪ್ಪ, ರೇವಣಸಿದ್ದಪ್ಪ, ದೇವಿಂದ್ರಪ್ಪ, ನೀಲಮ್ಮ, ಶರಣಮ್ಮ. ಹರಕೆ ಯಾವ ದೇವರಿಗೆ ಹೊತ್ತಿದ್ದರೆಂದು ಇಲ್ಲಿ ಹೆಸರೇ ಹೇಳುತ್ತದೆ. ಹುಟ್ಟಿದ ಕೂಸುಗಳು ಒಂದರ ಹಿಂದೊಂದು ತೀರಿಕೊಂಡ ಮನೆಯಲ್ಲಿ ಮುಂದಿನದನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣ ಎಂದರು. ಕಸವನ್ನು ಯಮನೂ ಒಯ್ಯುವುದಿಲ್ಲ ಎಂಬ ಲೆಕ್ಕ. ಇದೇ ಪದರದಲ್ಲಿ ಹುಸೇನಪ್ಪ, ಫಕೀರಪ್ಪ, ಖಾಜಪ್ಪ, ಸಾಯಿಬಣ್ಣ ಸಿಗುತ್ತಾರೆ, ಹೆಚ್ಚಾಗಿ ಹಿಂದೂ ಮನೆಗಳಲ್ಲಿ. 1422ರಲ್ಲಿ ತೀರಿಕೊಂಡ ಖಾಜಾ ಬಂದೇನವಾಜರ ದರ್ಗಾಕ್ಕೆ, ಮೊಹರಮ್ಮಿನ ಆಲಾಯಿ ದೇವರಿಗೆ ಹರಕೆ ಹೊತ್ತವರು ಹೆಸರಿನಲ್ಲಿ ಸಾಲ ತೀರಿಸಿದ ಬಗೆ ಅದು.

ಅದರ ಮೇಲೆ ರಾವ-ಬಾಯಿ ಪದರ: ಅಣ್ಣಾರಾವ, ಭೀಮರಾವ, ಕಮಲಾಬಾಯಿ, ರತ್ನಾಬಾಯಿ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮನ ಪ್ರಜೆಗಳು, 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದವರು, ಮರಾಠವಾಡದ ಒಡಹುಟ್ಟಿದವರು. ಮರಾಠಿಯ ಗತ್ತು ಹೆಸರಿಗೆ ಹತ್ತದೆ ಇರುತ್ತದೆಯೇ? ಆಮೇಲೆ ಕಾಂತ ಪದರ. ಚಂದ್ರಕಾಂತ, ಸೂರ್ಯಕಾಂತ, ಶಶಿಕಾಂತ, ಲಕ್ಷ್ಮೀಕಾಂತ. ಆಕಾಶದಲ್ಲಿ ಬೆಳಗುವ ಯಾವುದನ್ನೂ ನಮ್ಮವರು ಬಿಡಲಿಲ್ಲ. ಅನಂತರ ಬಂದದ್ದು ಕುಮಾರ ಪದರ. ಆರಂಭದಲ್ಲಿ ಹೇಳಿದ ಮುತ್ತುರಾಜ್ 1954ರ 'ಬೇಡರ ಕಣ್ಣಪ್ಪ' ಚಿತ್ರದಲ್ಲಿ ರಾಜಕುಮಾರ್ ಆದ ಮೇಲೆ ಶಿವನೂ ವಿಜಯನೂ ಅನಿಲನೂ ಕುಮಾರರಾದರು.

ಮಲ್ಲಪ್ಪನು ಪದರ ದಾಟಿ ಮಲ್ಲಿಕಾರ್ಜುನ ಆದದ್ದು ಎಲ್ಲ ಸಲ ತೊಟ್ಟಿಲಲ್ಲಲ್ಲ. ಶಾಲೆಗೆ ಸೇರಿಸುವ ದಿನ ಮಾಸ್ತರರು ಕೈಯಾರೆ ತಿದ್ದಿದರು, ಜೊತೆಗೆ ಜೂನ್ 1ನ್ನು ಹುಟ್ಟುಹಬ್ಬವಾಗಿ ಕೊಟ್ಟರು. ಮನೆಯಲ್ಲಿ ಬಸಪ್ಪ, ದಾಖಲೆಯಲ್ಲಿ ಬಸವರಾಜ. ಹೊಲದ ಕಾಗದ ಬಂದಾಗ 'ಬಸಪ್ಪ ಉರ್ಫ್ ಬಸವರಾಜ'. ಒಬ್ಬನೇ ಮನುಷ್ಯ ಎರಡು ತಲೆಮಾರಿನಲ್ಲಿ ನಿಂತಿರುತ್ತಾನೆ, ಆ ಉರ್ಫ್ ಅವನ ಹೊಸ್ತಿಲು.

ಪದರ ದಾಟಿದ್ದನ್ನು ಒಂದೇ ಮನೆಯಲ್ಲಿ ನೋಡಬೇಕೆಂದರೆ ಜಿಲ್ಲೆಯ ಹೆಸರಾಂತ ಮನೆಗಳೇ ಸಾಕು. ಚಿಂಚೋಳಿಯ ಬಸಪ್ಪನವರು 1924ರಲ್ಲಿ ಹುಟ್ಟಿದ ಮಗನಿಗೆ ವೀರೇಂದ್ರ ಎಂದಿಟ್ಟರು. ಆ ಕಾಲಕ್ಕೆ ಅದು ಅಪ್ಪ ಪದರವನ್ನೇ ಹಾರಿದ ಹೆಸರು, ಆ ವೀರೇಂದ್ರ ಪಾಟೀಲರು ಎರಡು ಸಲ ಮುಖ್ಯಮಂತ್ರಿಯಾದರು. ಮಾಪಣ್ಣನವರ ಮಗ 1942ರ ಮಲ್ಲಿಕಾರ್ಜುನ, ಮಲ್ಲಿಕಾರ್ಜುನ ಖರ್ಗೆಯವರ ಮಗ 1978ರ ಪ್ರಿಯಾಂಕ್. ಮಕ್ಕಳಲ್ಲಿ ರಾಹುಲ್, ಮಿಲಿಂದ್ ಕೂಡ ಇದ್ದಾರೆ. ನಾಗಪುರದಲ್ಲಿ 1956ರ ಅಕ್ಟೋಬರ್ 14ರಂದು ಅಂಬೇಡ್ಕರ್ ಬೌದ್ಧ ದೀಕ್ಷೆ ಪಡೆದ ಮೇಲೆ ಸಿದ್ಧಾರ್ಥ, ಗೌತಮ, ರಾಹುಲ, ಮಿಲಿಂದ ನಮ್ಮ ಓಣಿಗಳಿಗೂ ಬಂದರು. ಮೇಲಿನ ಬೇರೆ ಪದರಗಳು ಗಾಳಿ ಬೀಸಿದ ಕಡೆ ಬಂದವು, ಇದೊಂದು ತಿಳಿದು ಆರಿಸಿಕೊಂಡದ್ದು.

ಈಗಿನ ಪದರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಹಾನ್, ಆರವ್, ಅದ್ವಿಕ್, ಆದ್ಯಾ, ಆರಾಧ್ಯಾ. ಮೊಬೈಲಿನ ಪಟ್ಟಿಯಲ್ಲಿ 'ಅ' ಮೊದಲು ಬರುತ್ತದೆ, ಹುಡುಕುವವರಿಗೆ ಮುಂದೆ ಹೋಗುವ ತಾಳ್ಮೆ ಇಲ್ಲ ಎಂದು ಕಾಣುತ್ತದೆ. ಒಂದು ಮಾತ್ರ ಗಮನಿಸಿ: ಅಯಾನ್ ಎಂಬ ಹುಡುಗ ಇವತ್ತು ಯಾವ ಧರ್ಮದ ಮನೆಯಲ್ಲಾದರೂ ಸಿಗುತ್ತಾನೆ. ಫಕೀರಪ್ಪ ಹರಕೆ ಹೊತ್ತು ದಾಟಿದ ಗಡಿಯನ್ನು ಇವನು ಗೊತ್ತಿಲ್ಲದೆ ದಾಟಿದ್ದಾನೆ.

ಪರೀಕ್ಷೆ

ಹೆಸರು ಇಡುವ ಮೊದಲು ಓಣಿ ಪರೀಕ್ಷೆ ಮಾಡಿ. ತೊಟ್ಟಿಲ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಊದುತ್ತಾಳೆ, ಹೆಂಗಸರು ಆಕೆಯ ಬೆನ್ನಿಗೆ ಗುದ್ದುತ್ತಾರೆ. ಅತ್ತೆಗೆ ಹೆಸರು ಬಾಯಿಗೆ ಬರದಿದ್ದರೆ ಗುದ್ದು ಹೆಚ್ಚು ಬೀಳುತ್ತದೆ. ಆಮೇಲೆ ಮುತ್ಯಾನನ್ನು ಕರೆಸಿ ಹೆಸರಿನ ಕೊನೆಗೆ 'ಯಾ' ಹಚ್ಚಿ ಕೂಗಲು ಹೇಳಿ. ಬಸ್ಯಾ, ಮಲ್ಯಾ, ಹಣಮ್ಯಾ ನೂರಾರು ವರ್ಷ ತಾಳಿಕೆ ಬಂದಿವೆ. 'ವಿಹಾನ್ಯಾ, ಉಣ್ಣಾಕ ಬಾರೋ' ಎಂದು ಕೂಗಿ ನೋಡಲಿ. 'ಯಪ್ಪಾ, ನನಗಂತೂ ಬರಂಗಿಲ್ಲ, ಸಣ್ಯಾ ಅಂತೀನಿ' ಎಂದರೆ ಮಗುವಿಗೆ ಎರಡು ಹೆಸರು ಆಯಿತೆಂದು ತಿಳಿಯಿರಿ.

ದೋಷ ಮತ್ತು ಪರಿಹಾರ

ಪಾಸ್‌ಪೋರ್ಟಿನಲ್ಲಿ ಎರಡು ಖಾನೆ. ಮೂರು ತುಂಡು ಎರಡು ಖಾನೆಯಲ್ಲಿ ಕೂರಬೇಕು. ಪೂರ್ತಿ ಹೆಸರನ್ನು ಅಡ್ಡಹೆಸರಿನ ಖಾನೆಯಲ್ಲಿ ತುಂಬಿ ಇನ್ನೊಂದನ್ನು ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾ 'ಎಫ್.ಎನ್.ಯು.' ಎಂಬ ಹೊಸ ಸ್ವಂತ ಹೆಸರು ದಯಪಾಲಿಸುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂಬುದಕ್ಕೆ ಅಲ್ಲಿನ ಗುರುತು. ಮೊಹಮ್ಮದ ಎಂದು ಆರಂಭವಾಗುವ ಹೆಸರಿನವರ ಕಷ್ಟ ಬೇರೆ. ಅಣ್ಣತಮ್ಮಂದಿರೆಲ್ಲರ ಮೊದಲ ತುಂಡೂ ಅದೇ, ಕರೆಯುವ ಹೆಸರು ಎರಡನೆಯದು. ಕಂಪ್ಯೂಟರಿಗೆ ಅದು ತಿಳಿಯುವುದಿಲ್ಲ, ಎಲ್ಲರನ್ನೂ ಮೊಹಮ್ಮದ ಎಂದೇ ಕೂಗುತ್ತದೆ. ಈ ಭಾಗದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರಕ್ಕೆ ಹೋದಾಗ ನಿಮ್ಮ ಅಂಕಪಟ್ಟಿಯಲ್ಲಿ ತಂದೆ ಶರಣಬಸಪ್ಪ, ತಂದೆಯ ಆಧಾರ್‌ನಲ್ಲಿ ಶರಣಪ್ಪ ಇದ್ದರೆ ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಬೇಕು.

ತಾಯಿಯ ಹೆಸರಿಗೆ ಈ ಮಾದರಿಯಲ್ಲಿ ಖಾನೆಯೇ ಇಲ್ಲ. ಅಂಕಪಟ್ಟಿಯಲ್ಲಿ ಆಕೆಗೆ ಒಂದು ಸಾಲು ಇದೆ, ಹೆಸರಿನೊಳಗೆ ಜಾಗವಿಲ್ಲ. ಹಿಂದೆ ಹೀಗಿರಲಿಲ್ಲ. ನಮ್ಮ ಜಿಲ್ಲೆಯ ಸನ್ನತಿಯ ಪಕ್ಕದ ಕನಗನಹಳ್ಳಿ ಸ್ತೂಪದ ಚಪ್ಪಡಿಗಳ ಮೇಲೆ ಶಾತವಾಹನ ಅರಸರು ಹೆಸರಿನ ಸಮೇತ ನಿಂತಿದ್ದಾರೆ. ಆ ವಂಶದವರು ಗೌತಮೀಪುತ್ರ, ವಾಸಿಷ್ಠೀಪುತ್ರ ಎಂದು ತಾಯಿಯ ಕಡೆಯ ಗುರುತನ್ನು ತಮ್ಮ ಹೆಸರಿಗಿಂತ ಮುಂದೆ ಇಟ್ಟುಕೊಂಡವರು. ಅರಸರು ಬಳಸಿದ ಆ ಬಿಡಿಭಾಗವನ್ನು ಮತ್ತೆ ತಯಾರಿಸಬೇಕೆಂಬುದು ನನ್ನ ಬೇಡಿಕೆ.

ನೋಂದಣಿ

ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಮಗುವಿನ ಹೆಸರು ಅಷ್ಟರೊಳಗೆ ಗಟ್ಟಿಯಾಗಬೇಕೆಂದೇನಿಲ್ಲ. 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ ವಿಳಂಬ ಶುಲ್ಕ ಕೊಟ್ಟು 15 ವರ್ಷದವರೆಗೆ. ಆದ್ದರಿಂದ ವಿಹಾನ್ ಬೇಕೆನ್ನುವ ಅಪ್ಪನೂ ಮಲ್ಲಪ್ಪ ಬೇಕೆನ್ನುವ ಮುತ್ಯಾನೂ ವರ್ಷವಿಡೀ ಜಗಳವಾಡಲು ಅಡ್ಡಿಯಿಲ್ಲ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಈ ಪ್ರಮಾಣಪತ್ರವೇ ಆಧಾರ. ಕಚೇರಿಗೆ ಹೋಗುವಾಗ ಮಗುವಿನ ಹೆಸರಿಗಿಂತ ಮೊದಲು ನಿಮ್ಮದೇ ಹೆಸರನ್ನು ಆಧಾರ್ ಕಾರ್ಡಿನಲ್ಲಿ ಇರುವಂತೆ ಅಕ್ಷರ ಬಿಡದೆ ಬರೆದುಕೊಂಡು ಹೋಗಿ. ಮಗು ಜೀವನಪೂರ್ತಿ ಬರೆಯಬೇಕಾದ ನಡುವಿನ ಹೆಸರು ಅದು.